ಕಥೆ ಬರೆಯಲು ಎರಡು ವರ್ಷ, ಸಂಬಳದ ಸಮೇತ: ಅಮೆರಿಕದ ಎಂಎಫ್‌ಎ ವಿದ್ಯಾರ್ಥಿಗಳಿಗೆ ಸಿಗುವುದೇನು?

2025ರ ಜುಲೈಯಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ತೆರಿಗೆ ಮತ್ತು ವೆಚ್ಚದ ಕಾನೂನು ಬಂತು. ಅದರೊಳಗೆ ಕಥೆ, ಕವಿತೆ ಬರೆಯುವವರಿಗೆ ನೇರವಾಗಿ ತಟ್ಟುವ ಒಂದು ಬದಲಾವಣೆಯೂ ಸೇರಿತ್ತು. ಸ್ನಾತಕೋತ್ತರ ಓದಿಗೆ ತಗಲುವ ಪೂರ್ತಿ ಖರ್ಚಿನಷ್ಟು ಸಾಲವನ್ನು ಅಲ್ಲಿನ ಕೇಂದ್ರ ಸರ್ಕಾರವೇ ಕೊಡುತ್ತಿದ್ದ ‘ಗ್ರಾಡ್ ಪ್ಲಸ್’ ಯೋಜನೆ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಇಲ್ಲ. ಅವರಿಗೆ ಸರ್ಕಾರದಿಂದ ಸಿಗುವುದು ವರ್ಷಕ್ಕೆ ಹೆಚ್ಚೆಂದರೆ 20,500 ಡಾಲರ್. ಕೆಲವು ಹೆಸರುವಾಸಿ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಸೃಜನಶೀಲ ಬರವಣಿಗೆಯ ಎಂಎಫ್‌ಎ ಕೋರ್ಸಿನ ಶುಲ್ಕವೇ ವರ್ಷಕ್ಕೆ 60,000 ಡಾಲರ್ ದಾಟುತ್ತದೆ. ನಡುವಿನ ಹಣವನ್ನು ಎಲ್ಲಿಂದ ತರುವುದು?

2025ರಲ್ಲೇ ಇನ್ನೆರಡು ಬಾಗಿಲುಗಳೂ ಮುಚ್ಚಿದವು. ಅಯೋವಾ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಲೇಖಕರ ಕಾರ್ಯಕ್ರಮಕ್ಕೆ ವಿದೇಶಾಂಗ ಇಲಾಖೆ ಕೊಡುತ್ತಿದ್ದ ಅನುದಾನ ನಿಂತಿತು. ರಾಷ್ಟ್ರೀಯ ಕಲಾ ದತ್ತಿ ಸಂಸ್ಥೆ 2026ರ ಸಾಲಿನ ಸೃಜನಶೀಲ ಬರವಣಿಗೆ ಫೆಲೋಶಿಪ್‌ಗಳನ್ನು ರದ್ದು ಮಾಡಿತು.

ಹಾಗಾಗಿ ಈ ಕೋರ್ಸುಗಳ ಬಗ್ಗೆ ಯೋಚಿಸುತ್ತಿರುವವರು ಮೊದಲು ಅರ್ಥಮಾಡಿಕೊಳ್ಳಬೇಕಾದದ್ದು ಪಠ್ಯಕ್ರಮವನ್ನಲ್ಲ. ಪಠ್ಯಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಅದರ ಸುತ್ತ ಏನೇನು ಸಿಗುತ್ತದೆ, ಯಾವುದಕ್ಕೆ ನಾವು ಹಣ ಕೊಡಬೇಕು, ಯಾವುದಕ್ಕೆ ಅವರೇ ನಮಗೆ ಹಣ ಕೊಡುತ್ತಾರೆ ಎನ್ನುವುದರಲ್ಲೇ ವ್ಯತ್ಯಾಸವೆಲ್ಲ ಇರುವುದು.

ಎಂಎಫ್‌ಎ ಅಂದರೆ ಯಾವ ಪದವಿ?

ಎಂಎಫ್‌ಎ ಎಂದರೆ ಮಾಸ್ಟರ್ ಆಫ್ ಫೈನ್ ಆರ್ಟ್ಸ್. ಚಿತ್ರಕಲೆ, ರಂಗಭೂಮಿಗಳಿಗೆ ಇರುವ ಪದವಿಯೇ ಬರವಣಿಗೆಗೂ ಇದೆ. ಸಾಹಿತ್ಯದ ಎಂ.ಎ. ಮಾಡಿದವರು ಬೇರೆಯವರ ಕಾದಂಬರಿಯ ಮೇಲೆ ಪ್ರಬಂಧ ಬರೆಯುತ್ತಾರೆ. ಇಲ್ಲಿ ಕೊನೆಗೆ ಒಪ್ಪಿಸಬೇಕಾದದ್ದು ಸ್ವಂತ ಕಾದಂಬರಿಯನ್ನೋ, ಕಥಾಸಂಕಲನವನ್ನೋ, ಕವನಗಳ ಹಸ್ತಪ್ರತಿಯನ್ನೋ.

ಈ ಆಲೋಚನೆ ಹಳೆಯದು. ಸೃಜನಶೀಲ ಕೃತಿಯನ್ನೂ ಉನ್ನತ ಪದವಿಯ ಪ್ರಬಂಧವಾಗಿ ಒಪ್ಪಿಕೊಳ್ಳುವುದಾಗಿ ಅಯೋವಾ ವಿಶ್ವವಿದ್ಯಾಲಯ 1922ರಲ್ಲೇ ಹೇಳಿತ್ತು. 1936ರಲ್ಲಿ ಅಲ್ಲಿಯೇ ‘ರೈಟರ್ಸ್ ವರ್ಕ್‌ಶಾಪ್’ ಶುರುವಾಯಿತು. ಅಮೆರಿಕದ ಮಿಕ್ಕ ಕಾರ್ಯಕ್ರಮಗಳೆಲ್ಲ ಹೆಚ್ಚುಕಡಿಮೆ ಇದೇ ಅಚ್ಚಿನಲ್ಲಿ ಎರಕವಾದವು. ಬ್ರಿಟನ್ನಿನಲ್ಲಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯ 1970ರಲ್ಲಿ ಇಂಥದ್ದೇ ಎಂ.ಎ. ಆರಂಭಿಸಿತು. 2017ರ ನೊಬೆಲ್ ಪಡೆದ ಕಜುವೊ ಇಶಿಗುರೊ ಅಲ್ಲಿಯೇ ಓದಿದವರು. ಬ್ರಿಟನ್ನಿನ ಕೋರ್ಸು ಸಾಮಾನ್ಯವಾಗಿ ಒಂದೇ ವರ್ಷದ್ದು, ಹೆಚ್ಚಿನವರು ಕೈಯಿಂದ ಹಣ ಹಾಕಿ ಓದುತ್ತಾರೆ. ಅಮೆರಿಕದಲ್ಲಿ ಎರಡು ಅಥವಾ ಮೂರು ವರ್ಷ. ಮುಂದೆ ಹೇಳುವುದೆಲ್ಲ ಅಮೆರಿಕದ ಮಾತು.

ಇನ್ನೊಂದು ಪದ ಆಗಾಗ ಕಿವಿಗೆ ಬೀಳುತ್ತದೆ: ‘ಟರ್ಮಿನಲ್ ಡಿಗ್ರಿ’. ಆ ಕ್ಷೇತ್ರದಲ್ಲಿ ಇದಕ್ಕಿಂತ ಮೇಲಿನ ಪದವಿ ಬೇಕಿಲ್ಲ, ಕಾಲೇಜಿನಲ್ಲಿ ಬರವಣಿಗೆ ಕಲಿಸಲು ಇಷ್ಟು ಸಾಕು ಎಂದು ಅದರ ಅರ್ಥ. ಹಾಗೆಂದು ಪದವಿ ಕೈಗೆ ಬಂದ ಕೂಡಲೇ ಕೆಲಸವೂ ಬರುತ್ತದೆ ಎಂದೇನಲ್ಲ. ಆ ವಿಚಾರ ಕೊನೆಯಲ್ಲಿ ನೋಡೋಣ.

ದುಡ್ಡು ಎಂದರೆ ಇಲ್ಲಿ ಸಮಯ

‘ಫುಲ್ಲಿ ಫಂಡೆಡ್’ ಎಂಬ ಮಾತಿಗೆ ಎರಡು ಭಾಗಗಳಿವೆ. ಒಂದು, ಶುಲ್ಕ ಮನ್ನಾ. ಎರಡು, ಸ್ಟೈಪೆಂಡ್, ಅಂದರೆ ಬಾಡಿಗೆ, ಊಟಕ್ಕೆಂದು ಕೈಗೆ ಬರುವ ಹಣ. ಶುಲ್ಕವನ್ನಷ್ಟೇ ಮನ್ನಾ ಮಾಡಿ ‘ನಾವು ಫಂಡಿಂಗ್ ಕೊಡುತ್ತೇವೆ’ ಎನ್ನುವವರೂ ಇದ್ದಾರೆ. ಊಟಕ್ಕೆ ಕರೆದು ಎಲೆ ಮಾತ್ರ ಹಾಕಿದ ಹಾಗೆ.

ಸ್ಟೈಪೆಂಡ್ ಕೂಡ ಎರಡು ಬಗೆ. ‘ಫೆಲೋಶಿಪ್’ ಆದರೆ ಬರೆಯುವುದಷ್ಟೇ ಕೆಲಸ. ‘ಅಸಿಸ್ಟೆಂಟ್‌ಶಿಪ್’ ಆದರೆ ಪಾಠ ಹೇಳಬೇಕು, ಅಥವಾ ಪತ್ರಿಕೆಯಲ್ಲಿ, ಕಚೇರಿಯಲ್ಲಿ ದುಡಿಯಬೇಕು. ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನ ಮಿಚನರ್ ಕೇಂದ್ರದಲ್ಲಿ ಮೂರು ವರ್ಷ ಪೂರ್ತಿ ಫೆಲೋಶಿಪ್, ಪಾಠದ ಹೊಣೆ ಇಲ್ಲ. ಬದಲಿಗೆ ಒಂದು ಷರತ್ತು: ಎರಡು ಪ್ರಕಾರಗಳಲ್ಲಿ ಬರೆಯಬೇಕು. ಕವಿಯಾಗಿ ಸೇರಿದವರು ಕಥೆಯನ್ನೋ ನಾಟಕವನ್ನೋ ಚಿತ್ರಕಥೆಯನ್ನೋ ಕಲಿಯಬೇಕು. ಕಾರ್ನೆಲ್ ವಿಶ್ವವಿದ್ಯಾಲಯ ವರ್ಷಕ್ಕೆ ಸೇರಿಸಿಕೊಳ್ಳುವುದು ಎಂಟೇ ಜನರನ್ನು. ಅವರಿಗೆ ಮೊದಲ ವರ್ಷ ಪತ್ರಿಕೆಯ ಕೆಲಸ, ಎರಡನೆಯ ವರ್ಷ ಪಾಠದ ಕೆಲಸ. ಮಿಶಿಗನ್ನಿನ ಹೆಲೆನ್ ಝೆಲ್ ಕಾರ್ಯಕ್ರಮದಲ್ಲಿ ಎರಡು ವರ್ಷದ ಪದವಿ ಮುಗಿದ ಮೇಲೂ ಮೂರನೆಯ ವರ್ಷ ಬರೆಯಲೆಂದೇ ಫೆಲೋಶಿಪ್ ಇದೆ.

ಎಂಎಫ್‌ಎಯ ಅತಿ ದೊಡ್ಡ ಅವಕಾಶ ಯಾವುದು ಎಂದು ಕೇಳಿದರೆ ನಾನು ಈ ಮೂರನೆಯ ವರ್ಷದ ಕಡೆ ಬೆರಳು ತೋರಿಸುತ್ತೇನೆ. ಕ್ಲಾಸಿಲ್ಲ, ಪರೀಕ್ಷೆ ಇಲ್ಲ, ಬಾಡಿಗೆಯ ಚಿಂತೆ ಇಲ್ಲ. ಮೊದಲ ಎರಡು ವರ್ಷ ಹತ್ತು ಜನರ ಅಭಿಪ್ರಾಯದಲ್ಲಿ ಮುಳುಗಿದವರಿಗೆ ತಮ್ಮ ದನಿ ಮತ್ತೆ ಕೇಳಿಸಲು ಅಷ್ಟು ಬಿಡುವು ಬೇಕು.

ಆಹ್ವಾನ ಪತ್ರ ಬಂದಾಗ ಕೇಳಬೇಕಾದ ಪ್ರಶ್ನೆಗಳಿವೆ. ಸ್ಟೈಪೆಂಡ್ ಒಂಬತ್ತು ತಿಂಗಳಿಗೋ ಹನ್ನೆರಡಕ್ಕೋ? ಬೇಸಿಗೆಯಲ್ಲಿ ಏನು ಗತಿ? ಆರೋಗ್ಯ ವಿಮೆ ಸೇರಿದೆಯೇ? ಶುಲ್ಕ ಮನ್ನಾ ಆದ ಮೇಲೂ ‘ಫೀಸ್’ ಎಂಬ ಹೆಸರಿನಲ್ಲಿ ಬೇರೆ ಕಟ್ಟುವುದಿದೆಯೇ? ಸೇರಿದ ಎಲ್ಲರಿಗೂ ಒಂದೇ ಮೊತ್ತವೋ, ಇಬ್ಬರಿಗೆ ಮಾತ್ರವೋ? ಎಲ್ಲರಿಗೂ ಸಮ ಇರುವ ಕಡೆ ಸಹಪಾಠಿಗಳು ಸಹಪಾಠಿಗಳಾಗಿಯೇ ಉಳಿಯುತ್ತಾರೆ. ಅಂದಹಾಗೆ, ಹಣದ ನೆರವಿನೊಂದಿಗೆ ಬಂದ ಆಹ್ವಾನಕ್ಕೆ ಏಪ್ರಿಲ್ 15ರವರೆಗೆ ಉತ್ತರಿಸಲು ಸಮಯ ಕೊಡಬೇಕು ಎಂಬ ಒಡಂಬಡಿಕೆಗೆ ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಸಹಿ ಹಾಕಿವೆ. ಫೆಬ್ರುವರಿಯಲ್ಲೇ ‘ನಾಳೆಯೊಳಗೆ ಹೇಳಿ’ ಎಂದು ಅವಸರ ಮಾಡಿದರೆ ಈ ಒಡಂಬಡಿಕೆಯ ನೆನಪು ಮಾಡಬಹುದು.

ವರ್ಕ್‌ಶಾಪ್ ಕೋಣೆಯಲ್ಲಿ

ನಮಗೆ ಕಥಾ ಕಮ್ಮಟ ಗೊತ್ತು. ಎರಡೋ ಮೂರೋ ದಿನ ಸೇರಿ, ಹಿರಿಯರ ಮಾತು ಕೇಳಿ, ಓದಿ, ಚರ್ಚಿಸಿ ಊರಿಗೆ ಮರಳುವುದು. ಅದನ್ನೇ ವಾರವಾರವೂ, ಅದೇ ಹತ್ತು ಹನ್ನೆರಡು ಜನರ ಜೊತೆ, ಎರಡು ವರ್ಷ ಹಿಗ್ಗಿಸಿದರೆ ವರ್ಕ್‌ಶಾಪ್ ಆಗುತ್ತದೆ. ಬರೆದವರು ಒಂದು ವಾರ ಮೊದಲೇ ಕಥೆ ಹಂಚುತ್ತಾರೆ. ಎಲ್ಲರೂ ಓದಿ, ಅಂಚಿನಲ್ಲಿ ಟಿಪ್ಪಣಿ ಬರೆದು, ಪತ್ರವೊಂದನ್ನು ಜೊತೆಗಿಟ್ಟು ತರುತ್ತಾರೆ.

ಹಳೆಯ ಪದ್ಧತಿಯಲ್ಲಿ ಚರ್ಚೆ ಮುಗಿಯುವವರೆಗೂ ಬರೆದವರು ಬಾಯಿ ತೆರೆಯುವಂತಿಲ್ಲ. ಅಂಗಿ ಹೊಲಿದವನು ಮೂಲೆಯಲ್ಲಿ ನಿಂತು, ತೊಟ್ಟವರು ಎಲ್ಲಿ ಬಿಗಿ, ಎಲ್ಲಿ ಸಡಿಲ ಎನ್ನುವುದನ್ನು ಸುಮ್ಮನೆ ಕೇಳಿಸಿಕೊಳ್ಳುವ ಹಾಗೆ. ಪುಸ್ತಕ ಅಚ್ಚಾದ ಮೇಲೆ ಪ್ರತಿ ಓದುಗರ ಮನೆಗೂ ಹೋಗಿ ‘ನಾನು ಹೇಳಲು ಹೊರಟಿದ್ದು ಇದಲ್ಲ’ ಎನ್ನಲಾಗುವುದಿಲ್ಲವಲ್ಲ, ಅದಕ್ಕೇ ಈ ನಿಯಮ. ಆದರೆ ಬೇರೆ ಭಾಷೆ, ಬೇರೆ ಸಂಸ್ಕೃತಿಯ ಹಿನ್ನೆಲೆಯ ಬರಹಗಾರರಿಗೆ ಇದು ಎಷ್ಟೋ ಸಲ ಹಿಂಸೆಯಾಗುತ್ತದೆ. ಕಥೆಯೊಳಗಿನ ಸಂಬಂಧವಾಚಕ ಒಂದು ಅರ್ಥವಾಗದೆ ಹತ್ತು ಜನ ಅರ್ಧ ಗಂಟೆ ಅದನ್ನೇ ಜಗ್ಗಾಡುವಾಗ, ಒಂದೇ ವಾಕ್ಯದಲ್ಲಿ ಬಿಡಿಸಿ ಹೇಳಬಲ್ಲವರು ಸುಮ್ಮನೆ ಕೂರಬೇಕಾಗುತ್ತದೆ. ಹಾಗಾಗಿ ಈಚೆಗೆ ಹಲವು ಕಡೆ ಬರೆದವರೇ ಮೊದಲು ಪ್ರಶ್ನೆಗಳನ್ನು ಮುಂದಿಟ್ಟು ಚರ್ಚೆಯ ದಾರಿ ತೋರಿಸುವ ಕ್ರಮ ಬಂದಿದೆ. ನೃತ್ಯ ಸಂಯೋಜಕಿ ಲಿಜ್ ಲೆರ್ಮನ್ 1990ರ ಹೊತ್ತಿಗೆ ನೃತ್ಯಕ್ಕೆಂದು ರೂಪಿಸಿದ ವಿಮರ್ಶಾ ಪದ್ಧತಿಯೂ ಬರವಣಿಗೆಯ ಕೋಣೆಗಳಿಗೆ ಬಂದಿದೆ. ಸೇರುವ ಮುನ್ನ ಈಗಿನ ವಿದ್ಯಾರ್ಥಿಯೊಬ್ಬರಿಗೆ ಬರೆದು ‘ನಿಮ್ಮಲ್ಲಿ ವರ್ಕ್‌ಶಾಪ್ ಹೇಗೆ ನಡೆಯುತ್ತದೆ?’ ಎಂದು ಕೇಳಿದರೆ ಸಾಮಾನ್ಯವಾಗಿ ನೇರ ಉತ್ತರವೇ ಸಿಗುತ್ತದೆ.

ಪಾಠ ಹೇಳುವ ಕೆಲಸ

ಟೀಚಿಂಗ್ ಅಸಿಸ್ಟೆಂಟ್‌ಶಿಪ್ ಪಡೆದವರು ಕಲಿಸುವುದು ಸಾಮಾನ್ಯವಾಗಿ ಕಥೆ, ಕವಿತೆಯನ್ನಲ್ಲ, ‘ಕಾಂಪೊಸಿಷನ್’ ಅನ್ನು. ಮೊದಲ ವರ್ಷದ ಪದವಿ ವಿದ್ಯಾರ್ಥಿಗಳಿಗೆ ಪ್ರಬಂಧ ಕಟ್ಟುವುದು, ವಾದ ಮಂಡಿಸುವುದು ಹೇಗೆಂದು ಹೇಳಿಕೊಡುವ ಕಡ್ಡಾಯ ವಿಷಯ ಅದು. ಸುಮಾರು ಇಪ್ಪತ್ತು ಹುಡುಗರು, ಅವರ ನಾಲ್ಕೋ ಐದೋ ಪ್ರಬಂಧಗಳು, ಪ್ರತಿಯೊಂದರ ಕರಡು ಬೇರೆ. ಸೆಮಿಸ್ಟರಿಗೆ ಒಂದು ತರಗತಿಯಾದರೆ ಬರೆಯಲು ಬೆಳಗಿನ ಹೊತ್ತು ಉಳಿಯುತ್ತದೆ. ಎರಡಾದರೆ ಕಾದಂಬರಿ ರಜೆಗೆ ಕಾಯುತ್ತದೆ. ‘ಒಂದು-ಒಂದು’, ‘ಎರಡು-ಎರಡು’ ಎಂದು ಅವರು ಹೇಳುವ ‘ಲೋಡ್’ ಇದೇ.

ಆದರೂ ಈ ಅನುಭವಕ್ಕೆ ಬೆಲೆ ಇದೆ. ಎರಡು ವರ್ಷ ಸ್ವತಂತ್ರವಾಗಿ ತರಗತಿ ನಡೆಸಿದ ದಾಖಲೆ ಮುಂದೆ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕುವಾಗ ನೆರವಾಗುತ್ತದೆ. ಕೆಲವೆಡೆ ತರಗತಿಯ ಹೊರಗೂ ಕಲಿಸುವ ಅವಕಾಶಗಳಿವೆ: ಜೈಲುಗಳಲ್ಲಿ ಬರವಣಿಗೆ ಪಾಠ, ಆಸ್ಪತ್ರೆಗಳಲ್ಲಿ, ವೃದ್ಧಾಶ್ರಮಗಳಲ್ಲಿ ಸಣ್ಣ ಗುಂಪುಗಳು. ಹ್ಯೂಸ್ಟನ್‌ನಲ್ಲಿ 1983ರಲ್ಲಿ ಶುರುವಾದ ‘ರೈಟರ್ಸ್ ಇನ್ ದ ಸ್ಕೂಲ್ಸ್’ ಲೇಖಕರನ್ನು ಶಾಲೆಗಳಿಗೇ ಕಳಿಸುತ್ತದೆ.

ಪತ್ರಿಕೆಯ ಮೇಜು

ಅಮೆರಿಕದ ಸಾಹಿತ್ಯ ಪತ್ರಿಕೆಗಳಲ್ಲಿ ಬಹಳಷ್ಟು ವಿಶ್ವವಿದ್ಯಾಲಯಗಳ ಆಶ್ರಯದಲ್ಲೇ ಬದುಕಿವೆ. ಕಾರ್ನೆಲ್‌ನ ‘ಎಪಕ್’ 1947ರಿಂದ ಬರುತ್ತಿದೆ. ಅಯೋವಾದ ‘ದಿ ಅಯೋವಾ ರಿವ್ಯೂ’ 1970ರಲ್ಲಿ ಹುಟ್ಟಿತು. ಅಲಬಾಮಾದ ‘ಬ್ಲ್ಯಾಕ್ ವಾರಿಯರ್ ರಿವ್ಯೂ’, ಹ್ಯೂಸ್ಟನ್‌ನ ‘ಗಲ್ಫ್ ಕೋಸ್ಟ್’ಗಳನ್ನು ನಡೆಸುವವರೇ ವಿದ್ಯಾರ್ಥಿಗಳು. ಪತ್ರಿಕೆಯವರು ಕೇಳದಿದ್ದರೂ ಎಲ್ಲೆಲ್ಲಿಂದಲೋ ಬಂದು ಬೀಳುವ ಬರಹಗಳ ರಾಶಿಗೆ ಅಲ್ಲಿ ‘ಸ್ಲಶ್ ಪೈಲ್’ ಎನ್ನುತ್ತಾರೆ, ಅಂದರೆ ಕೆಸರುಮಂಜಿನ ಗುಡ್ಡೆ. ಹೆಸರೇನೂ ಗೌರವದ್ದಲ್ಲ. ಆ ರಾಶಿಯನ್ನು ಮೊದಲು ಓದುವ ಕೆಲಸ ಎಂಎಫ್‌ಎ ವಿದ್ಯಾರ್ಥಿಗಳದ್ದು.

ಅಡುಗೆ ಕಲಿಯುವವರಿಗೆ ಪಾಕಪುಸ್ತಕ ಕಲಿಸದ್ದನ್ನು ನೂರು ಜನರ ಅಡುಗೆಯ ರುಚಿ ನೋಡುವುದು ಕಲಿಸುತ್ತದೆ. ಒಂದು ಸಂಜೆಗೆ ಮೂವತ್ತು ಕಥೆ ಓದಿದವರಿಗೆ, ಅವುಗಳಲ್ಲಿ ಎಷ್ಟೊಂದು ಕಥೆಗಳ ಮೊದಲ ಸಾಲಿನಲ್ಲಿ ನಾಯಕ ನಿದ್ದೆಯಿಂದ ಏಳುತ್ತಿದ್ದಾನೆ ಎಂದು ಕಂಡ ಮೇಲೆ, ತಮ್ಮ ಕಥೆಯ ಮೊದಲ ಸಾಲನ್ನು ಹೊಡೆದುಹಾಕಲು ಯಾವ ಗುರುವೂ ಹೇಳಬೇಕಾಗಿಲ್ಲ. ಎರಡನೇ ಪುಟದಲ್ಲಿ ತಮ್ಮ ಗಮನ ಎಲ್ಲಿ ಜಾರಿತು ಎಂದು ಗೊತ್ತಾದವರಿಗೆ ಬೇರೆ ಸಂಪಾದಕರ ಗಮನ ಎಲ್ಲಿ ಜಾರಬಹುದು ಎಂಬುದೂ ತಿಳಿಯುತ್ತದೆ. ತಿರಸ್ಕಾರದ ಪತ್ರವೂ ಹಗುರಾಗುತ್ತದೆ. ಮೇಜಿನ ಈ ಬದಿ ಕೂತವರಿಗೆ, ಸಂಚಿಕೆಗೆ ಏಳೇ ಕಥೆಗೆ ಜಾಗ ಇದ್ದಾಗ ಎಂಟನೆಯದು ಚೆನ್ನಾಗಿದ್ದೂ ಹೊರಗುಳಿಯುತ್ತದೆ ಎಂದು ಕಣ್ಣಾರೆ ಕಂಡಿರುತ್ತದೆ.

ಇಲ್ಲಿಯೇ ವ್ಯವಹಾರದ ಮಾತುಗಳೂ ಕಿವಿಗೆ ಬೀಳುತ್ತವೆ. ‘ಸೈಮಲ್ಟೇನಿಯಸ್ ಸಬ್ಮಿಷನ್’ ಎಂದರೆ ಒಂದೇ ಕಥೆಯನ್ನು ಏಕಕಾಲಕ್ಕೆ ಹಲವು ಪತ್ರಿಕೆಗಳಿಗೆ ಕಳಿಸುವುದು. ಅಲ್ಲಿ ಬಹುತೇಕ ಪತ್ರಿಕೆಗಳು ಇದನ್ನು ಒಪ್ಪುತ್ತವೆ, ಒಂದು ಕಡೆ ಸ್ವೀಕೃತವಾದ ಕೂಡಲೇ ಉಳಿದವರಿಗೆ ತಿಳಿಸಬೇಕು, ಅಷ್ಟೆ. ‘ರೀಡಿಂಗ್ ಫೀ’ ಎಂದರೆ ಬರಹ ಕಳಿಸಲು ಕಟ್ಟುವ ಶುಲ್ಕ, ಸಾಮಾನ್ಯವಾಗಿ ಮೂರು ಡಾಲರ್ ಆಸುಪಾಸು. ಕಾರ್ಯಕ್ರಮಗಳು ತಮ್ಮ ವಿದ್ಯಾರ್ಥಿಗಳ ಬರಹಗಳನ್ನು ತಾವೇ ನಾಮನಿರ್ದೇಶನ ಮಾಡಿ ಕಳಿಸುವ ದಾರಿಯೂ ಇದೆ. ಬರವಣಿಗೆ ಕಾರ್ಯಕ್ರಮಗಳ ಒಕ್ಕೂಟವಾದ ಎಡಬ್ಲ್ಯುಪಿ, 1967ರಲ್ಲಿ ಸ್ಥಾಪನೆಯಾದದ್ದು, ಇದಕ್ಕೆಂದೇ ‘ಇಂಟ್ರೊ ಜರ್ನಲ್ಸ್’ ಎಂಬ ಸ್ಪರ್ಧೆ ನಡೆಸುತ್ತ ಬಂದಿದೆ. ಅದರ ವಾರ್ಷಿಕ ಸಮ್ಮೇಳನ ಪ್ರತಿವರ್ಷ ಒಂದೊಂದು ನಗರದಲ್ಲಿ. ಪತ್ರಿಕೆಗಳೂ ಸಣ್ಣ ಪ್ರಕಾಶಕರೂ ಸಾಲುಸಾಲು ಮೇಜು ಹಾಕಿ ಕೂರುವ ಪುಸ್ತಕ ಸಂತೆಯೇ ಅದರ ಜೀವ. ವಿದ್ಯಾರ್ಥಿಗಳ ಪ್ರಯಾಣಕ್ಕೆ ಕೆಲವು ಇಲಾಖೆಗಳು ಹಣ ಕೊಡುತ್ತವೆ, ಕೇಳಿದವರಿಗೆ ಮಾತ್ರ.

ಬಹುಮಾನ, ರೆಸಿಡೆನ್ಸಿ, ಮುಂದಿನ ಫೆಲೋಶಿಪ್

ಕ್ಯಾಂಪಸ್ಸಿನೊಳಗಿನ ಬಹುಮಾನಗಳನ್ನು ಹಗುರವಾಗಿ ಕಾಣುವುದುಂಟು. ಮಿಶಿಗನ್ನಿನ ಹಾಪ್‌ವುಡ್ ಪ್ರಶಸ್ತಿ 1931ರಿಂದ ನಡೆಯುತ್ತಿದೆ, ಹಣ ಬಿಟ್ಟುಹೋದವರು ಅದೇ ವಿಶ್ವವಿದ್ಯಾಲಯದಲ್ಲಿ ಓದಿದ್ದ ನಾಟಕಕಾರ ಏವರಿ ಹಾಪ್‌ವುಡ್. ಮುಂದೆ ಹೆಸರಾಂತ ನಾಟಕಕಾರರಾದ ಆರ್ಥರ್ ಮಿಲ್ಲರ್ ಅಲ್ಲಿ ವಿದ್ಯಾರ್ಥಿಯಾಗಿದ್ದಾಗ 1936ರಲ್ಲೂ 1937ರಲ್ಲೂ ಅದನ್ನು ಗೆದ್ದರು. ಸ್ಪರ್ಧೆ ಕ್ಯಾಂಪಸ್ಸಿನವರ ನಡುವೆ ಮಾತ್ರ ಇರುವುದರಿಂದ ಗೆಲ್ಲುವ ಸಾಧ್ಯತೆ ಹೊರಗಿನ ಸ್ಪರ್ಧೆಗಳಿಗಿಂತ ಹೆಚ್ಚು.

‘ರೆಸಿಡೆನ್ಸಿ’ ಎಂದರೆ ಬರಹಗಾರರಿಗೆ ಕೋಣೆ, ಊಟ ಕೊಟ್ಟು ಕೆಲವು ವಾರ ಸುಮ್ಮನೆ ಬಿಟ್ಟುಬಿಡುವ ಜಾಗ. ನ್ಯೂ ಹ್ಯಾಂಪ್‌ಶೈರಿನ ಮ್ಯಾಕ್‌ಡೊವೆಲ್ 1907ರಷ್ಟು ಹಳೆಯದು. ಆದರೆ ಇಂಥ ಕಡೆ ಓದು ಮುಗಿಸಿದ ಮೇಲೆಯೇ ಹೋಗುವವರು ಹೆಚ್ಚು. ವಿದ್ಯಾರ್ಥಿಗಳಿಗೆ ಬೇಸಿಗೆಯ ಸಮ್ಮೇಳನಗಳು ಹತ್ತಿರ. ವರ್ಮಾಂಟಿನ ಬ್ರೆಡ್ ಲೋಫ್ 1926ರಿಂದ ನಡೆದುಬಂದಿದೆ, ಅಲ್ಲಿ ನೆರವಿನ ಸ್ಥಾನಗಳೂ ಇವೆ.

ಪದವಿಯ ನಂತರ ಮತ್ತೆ ಸಮಯ ಕೊಳ್ಳುವ ದಾರಿಗಳು ಮೂರು ನಾಲ್ಕು. ಸ್ಟ್ಯಾನ್‌ಫರ್ಡಿನ ಸ್ಟೆಗ್ನರ್ ಫೆಲೋಶಿಪ್ (1946ರಿಂದ) ಎರಡು ವರ್ಷದ್ದು. ಅದು ಪದವಿ ಕೊಡುವುದಿಲ್ಲ, ವರ್ಕ್‌ಶಾಪ್ ಮತ್ತು ಹಣ ಕೊಡುತ್ತದೆ. ಮ್ಯಾಸಚೂಸೆಟ್ಸ್ ತೀರದ ಪ್ರಾವಿನ್ಸ್‌ಟೌನ್‌ನಲ್ಲಿ ಫೈನ್ ಆರ್ಟ್ಸ್ ವರ್ಕ್ ಸೆಂಟರ್ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಏಳು ತಿಂಗಳು ಮನೆ ಮತ್ತು ಸ್ಟೈಪೆಂಡ್ ಕೊಡುತ್ತದೆ. ಪ್ರವಾಸಿಗರು ಖಾಲಿ ಮಾಡಿದ ಊರು, ಚಳಿಗಾಲ, ಸಮುದ್ರ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಒಂದು ಶೈಕ್ಷಣಿಕ ವರ್ಷದ ಫೆಲೋಶಿಪ್‌ಗಳಿವೆ, ಮೊದಲ ಪುಸ್ತಕದ ಮೇಲೆ ಕೆಲಸ ಮಾಡುತ್ತಿರುವವರಿಗೆ. ಇವೆಲ್ಲಕ್ಕೂ ಪೈಪೋಟಿ ಎಂಎಫ್‌ಎ ಪ್ರವೇಶಕ್ಕಿಂತ ಬಿಗಿ.

ಏಜೆಂಟರು ಬಂದು ಹೋಗುವ ದಿನ

ದೊಡ್ಡ ಕಾರ್ಯಕ್ರಮಗಳು ನ್ಯೂಯಾರ್ಕಿನಿಂದ ಸಾಹಿತ್ಯ ಏಜೆಂಟರನ್ನೂ ಸಂಪಾದಕರನ್ನೂ ಕರೆಸುತ್ತವೆ. ಏಜೆಂಟ್ ಎಂದರೆ ಲೇಖಕರ ಪರವಾಗಿ ಪ್ರಕಾಶಕರ ಜೊತೆ ಮಾತಾಡುವ ವ್ಯಕ್ತಿ. ಪುಸ್ತಕ ಮಾರಾಟವಾದಾಗ ಸಾಮಾನ್ಯವಾಗಿ ಶೇ. 15 ಕಮಿಷನ್ ತೆಗೆದುಕೊಳ್ಳುತ್ತಾರೆ. ಹಸ್ತಪ್ರತಿ ಓದಲು ಮುಂಗಡ ಹಣ ಕೇಳಿದರೆ ಅಲ್ಲಿಂದ ಎದ್ದುಬರುವುದು ಒಳ್ಳೆಯದು. ಈ ಭೇಟಿಗಳಿಂದ ಪುಸ್ತಕ ಒಪ್ಪಂದ ಆಗುವುದು ಅಪರೂಪ. ಆದರೆ ಎರಡು ವರ್ಷ ಬಿಟ್ಟು ಕಾದಂಬರಿ ಮುಗಿದಾಗ ‘ನಾವು ಅಂದು ಭೇಟಿಯಾಗಿದ್ದೆವು’ ಎಂದು ಪತ್ರ ಶುರುಮಾಡಬಹುದು. ಕವಿಗಳಿಗೆ ಮಾತ್ರ ಈ ದಾರಿ ಇಲ್ಲ. ಅಲ್ಲಿ ಮೊದಲ ಕವನ ಸಂಕಲನ ಹೆಚ್ಚಾಗಿ ಸ್ಪರ್ಧೆಗಳ ಮೂಲಕವೇ ಅಚ್ಚಾಗುವುದು.

ಹೊರದೇಶದವರಿಗೆ

ಮೇಲೆ ಹೇಳಿದ ಸರ್ಕಾರಿ ಸಾಲ ಹೊರದೇಶದ ವಿದ್ಯಾರ್ಥಿಗಳಿಗೆ ಮೊದಲೂ ಇರಲಿಲ್ಲ. ಆದ್ದರಿಂದ ಪೂರ್ತಿ ಫಂಡಿಂಗ್ ಅವರಿಗೆ ಇನ್ನಷ್ಟು ಮುಖ್ಯ. ಎಫ್-1 ವೀಸಾದಲ್ಲಿ ತರಗತಿಗಳು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು. ಪಾಠದ ಕೆಲಸ ಈ ಮಿತಿಯೊಳಗೇ ಕೂರುತ್ತದೆ, ಆದರೆ ಜೊತೆಗೆ ಇನ್ನೊಂದು ಕೆಲಸಕ್ಕೆ ಜಾಗ ಉಳಿಯುವುದಿಲ್ಲ. ಓದು ಮುಗಿದ ಮೇಲೆ ‘ಒಪಿಟಿ’ ಎಂಬ ಅನುಮತಿಯಡಿ 12 ತಿಂಗಳು, ಓದಿದ ವಿಷಯಕ್ಕೆ ನೇರ ಸಂಬಂಧವಿರುವ ಕೆಲಸ ಮಾಡಬಹುದು. ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ ಇದರ ಮೇಲೆ ಸಿಗುವ 24 ತಿಂಗಳ ವಿಸ್ತರಣೆ ಸೃಜನಶೀಲ ಬರವಣಿಗೆಗೆ ಇಲ್ಲ. ಒಪಿಟಿ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಹನ್ನೆರಡು ತಿಂಗಳು ಕಾದಂಬರಿ ತಿದ್ದುತ್ತ ಕೂರುತ್ತೇನೆ ಎಂದುಕೊಂಡವರಿಗೆ ಇದು ತಡವಾಗಿ ಗೊತ್ತಾಗುವ ಸಂಗತಿ.

ಅನುವಾದ ಇನ್ನೊಂದು ಬಾಗಿಲು. ಅಯೋವಾದಂಥ ಕೆಲವು ಕಡೆ ಸಾಹಿತ್ಯ ಅನುವಾದಕ್ಕೇ ಪ್ರತ್ಯೇಕ ಎಂಎಫ್‌ಎ ಇದೆ. ಇನ್ನೊಂದು ಭಾಷೆಯನ್ನು ಉಸಿರಾಡಿದವರಿಗೆ ಅಲ್ಲಿ ಅದು ಕೊರತೆಯಲ್ಲ, ಬಂಡವಾಳ.

ಊರು ಬಿಡಲಾಗದವರಿಗೆ ‘ಲೋ-ರೆಸಿಡೆನ್ಸಿ’ ಎಂಬ ಮಾದರಿ ಇದೆ. ವರ್ಷಕ್ಕೆ ಎರಡು ಸಲ ಸುಮಾರು ಹತ್ತು ದಿನ ಕ್ಯಾಂಪಸ್ಸಿಗೆ ಹೋಗುವುದು, ಉಳಿದ ತಿಂಗಳು ಗುರುವಿಗೆ ಬರಹದ ಕಟ್ಟು ಕಳಿಸಿ ಉದ್ದುದ್ದ ಪತ್ರದಲ್ಲಿ ಉತ್ತರ ಪಡೆಯುವುದು. 1976ರಲ್ಲಿ ಇದನ್ನು ಶುರುಮಾಡಿದ ಗಾಡರ್ಡ್ ಕಾಲೇಜು 2024ರಲ್ಲಿ ಬಾಗಿಲು ಮುಚ್ಚಿತು. ಮಾದರಿ ಮಾತ್ರ ಬೇರೆಡೆ ಬೇರು ಬಿಟ್ಟಿದೆ. ಇಲ್ಲಿ ಶುಲ್ಕ ಮನ್ನಾ ಅಪರೂಪ, ಪಾಠದ ಅವಕಾಶವೂ ಹೆಚ್ಚಾಗಿ ಇರುವುದಿಲ್ಲ.

ಆಮೇಲೆ ಕೆಲಸ?

ಅಧ್ಯಾಪಕ ಹುದ್ದೆಗಳಲ್ಲಿ ‘ಟೆನ್ಯೂರ್ ಟ್ರ್ಯಾಕ್’ ಎಂದರೆ ಕಾಯಂ ಆಗುವ ದಾರಿಯಲ್ಲಿರುವ ಕೆಲಸ. ಅದಕ್ಕೆ ಪದವಿಯ ಜೊತೆ ಸಾಮಾನ್ಯವಾಗಿ ಪ್ರಕಟಿತ ಪುಸ್ತಕ ಬೇಕು, ಒಂದು ಹುದ್ದೆಗೆ ನೂರಾರು ಅರ್ಜಿ. ‘ಅಡ್ಜಂಕ್ಟ್’ ಎಂದರೆ ತರಗತಿಗೆ ಇಷ್ಟು ಎಂದು ಹಣ ಪಡೆದು ಕಲಿಸುವ ಅತಿಥಿ ಉಪನ್ಯಾಸಕ ಕೆಲಸ. ಬಹಳ ಜನ ಇಲ್ಲಿಂದ ಶುರುಮಾಡುತ್ತಾರೆ, ಕೆಲವರು ಇಲ್ಲೇ ಉಳಿಯುತ್ತಾರೆ. ಪ್ರಕಾಶನ, ಸೇವಾ ಸಂಸ್ಥೆಗಳಿಗೆ ಅನುದಾನದ ಅರ್ಜಿ ಬರೆಯುವ ಕೆಲಸ, ತಾಂತ್ರಿಕ ಬರವಣಿಗೆ, ಗೇಮ್‌ಗಳ ಕಥೆ, ಬೇರೆಯವರ ಆತ್ಮಕಥೆ ಬರೆದುಕೊಡುವುದು ಹೀಗೆ ಉಳಿದವರು ಹಂಚಿಹೋಗುತ್ತಾರೆ. ಓದುತ್ತಿರುವಾಗಲೇ ಪತ್ರಿಕೆಯ ಮೇಜಿನಲ್ಲೋ ಶಾಲೆಯಲ್ಲೋ ಕೆಲಸ ಮಾಡಿದ್ದರೆ, ‘ಎರಡು ವರ್ಷ ಏನು ಮಾಡಿದಿರಿ?’ ಎಂಬ ಸಂದರ್ಶನದ ಪ್ರಶ್ನೆಗೆ ಹೇಳಲು ಏನಾದರೂ ಇರುತ್ತದೆ.

ಕೊನೆಯ ದಿನದ ಒಂದು ಫಾರಂ

ಪದವಿಗೆ ಒಪ್ಪಿಸಿದ ಹಸ್ತಪ್ರತಿಯನ್ನು ವಿಶ್ವವಿದ್ಯಾಲಯದ ಗ್ರಂಥಾಲಯ ತನ್ನ ಡಿಜಿಟಲ್ ಸಂಗ್ರಹಕ್ಕೆ ಸೇರಿಸುತ್ತದೆ. ಸಂಶೋಧನಾ ಪ್ರಬಂಧಕ್ಕಾದರೆ ಅದು ಎಲ್ಲರಿಗೂ ಉಚಿತವಾಗಿ ಸಿಗುವುದು ಒಳ್ಳೆಯದೇ. ಆದರೆ ಕಾದಂಬರಿ ಹಾಗೆ ಅಂತರ್ಜಾಲದಲ್ಲಿ ಬಿದ್ದರೆ, ‘ಇದು ಈಗಾಗಲೇ ಪ್ರಕಟವಾಗಿದೆಯಲ್ಲ’ ಎಂದು ಪ್ರಕಾಶಕರು ಹಿಂದೆ ಸರಿಯಬಹುದು. 2008ರಲ್ಲಿ ಅಯೋವಾದಲ್ಲಿ ಇದೇ ವಿಷಯಕ್ಕೆ ವಿದ್ಯಾರ್ಥಿಗಳು ಗಲಾಟೆ ಎಬ್ಬಿಸಿದ್ದರು. ಇದಕ್ಕೆ ಪರಿಹಾರ ‘ಎಂಬಾರ್ಗೊ’, ಅಂದರೆ ಇಷ್ಟು ವರ್ಷ ಈ ಕೃತಿಯನ್ನು ಸಾರ್ವಜನಿಕರಿಗೆ ತೆರೆಯಬೇಡಿ ಎಂಬ ಕೋರಿಕೆ. ಒಂದು ಪುಟದ ಫಾರಂ. ಅವಧಿ ಎಷ್ಟು, ಆಮೇಲೆ ಮುಂದುವರಿಸಬಹುದೇ, ಮುಂದುವರಿಸಲು ಯಾರಿಗೆ ಯಾವಾಗ ಬರೆಯಬೇಕು ಎಂದು ಆವತ್ತೇ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು, ಏಕೆಂದರೆ ಅವಧಿ ಮುಗಿಯುವ ಹೊತ್ತಿಗೆ ವಿಶ್ವವಿದ್ಯಾಲಯದ ಇಮೇಲ್ ವಿಳಾಸ ಮುಚ್ಚಿಹೋಗಿರುತ್ತದೆ, ನೆನಪಿನ ಪತ್ರ ಅಲ್ಲಿಗೇ ಹೋಗಿ ಬಿದ್ದಿರುತ್ತದೆ.